ಗುರುವೋ, ಗುರುಮನೆಯೋ?

ನಮ್ಮ ಉಪನಗರದ ಶಾಲೆಯೊಂದರ ಸಭಾಗೃಹದಲ್ಲಿ ವಾರಕ್ಕೆ ಮೂರು ಸಂಜೆ ಐಕಿಡೊ ಎಂಬ ಜಪಾನೀ ವಿದ್ಯೆಯ ತರಗತಿ ನಡೆಯುತ್ತದೆ. ನನ್ನ ಮಗಳ ಮಗ ಅಲ್ಲಿಗೆ ಹೋಗುತ್ತಾನೆ. ಅವನನ್ನು ಬಿಟ್ಟು, ಮತ್ತೆ ಕರೆತರುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂದಿದೆ. ಕಲಿಸುವವರು ಹಗಲು ವಿಮಾ ಕಚೇರಿಯೊಂದರಲ್ಲಿ ದುಡಿಯುವ ಮನುಷ್ಯ. ಲೋಕಲ್ ಗಾಡಿಯಿಂದ ಇಳಿದು, ಊಟದ ಡಬ್ಬಿಯಿದ್ದ ಚೀಲದೊಂದಿಗೇ ಬಂದು, ಮೂಲೆಯಲ್ಲಿ ಬಟ್ಟೆ ಬದಲಿಸಿ ನಿಂತರೆಂದರೆ ಬೇರೆಯೇ ವ್ಯಕ್ತಿ. ಮಕ್ಕಳು ಕೊಡುವ ಶುಲ್ಕ ಸಭಾಗೃಹದ ಬಾಡಿಗೆಗೆ ಸರಿಹೋಗುತ್ತದೆ. ಒಂದೊಂದು ತಿಂಗಳು ಸರಿಹೋಗುವುದೂ ಇಲ್ಲವಂತೆ.

ತರಗತಿ ಆರಂಭವಾಗುವುದು ಚಾಪೆ ಹಾಸುವುದರಿಂದ, ಮುಗಿಯುವುದು ಚಾಪೆ ಒರೆಸುವುದರಿಂದ. ಒರೆಸುವಾಗ ಗುರುಗಳೂ ಒಂದು ಬಟ್ಟೆ ಹಿಡಿದು ಬಗ್ಗುತ್ತಾರೆ. ನಡುವೆ, ಎಲ್ಲರೂ ಸಾಲಾಗಿ ಮೊಣಕಾಲೂರಿ ಕುಳಿತು ಎದುರು ಗೋಡೆಗೆ ತೂಗುಹಾಕಿದ ಬಿಳಿಗಡ್ಡದ ಮುದುಕರೊಬ್ಬರ ಭಾವಚಿತ್ರಕ್ಕೆ ತಲೆಬಾಗುತ್ತಾರೆ. ಒಂದು ದಿನ ರಿಕ್ಷಾದಲ್ಲಿ ಮೊಮ್ಮಗ ಕೇಳಿದ: “ಅಜ್ಜ, ಆ ಫೋಟೋದ ಅಜ್ಜ ನಮ್ಮ ಸರ್‌ಗೆ ಕಲಿಸಿದ್ದಾ?”

ಅಲ್ಲ, ಅವರು ಯಾವತ್ತೋ ತೀರಿಕೊಂಡವರು, ಈ ವಿದ್ಯೆಯನ್ನು ಹುಟ್ಟಿಸಿದವರು ಎಂದೆ.

“ಹಾಗಾದರೆ ಸರ್‌ಗೆ ಕಲಿಸಿದವರ ಫೋಟೋ ಯಾಕೆ ಹಾಕಿಲ್ಲ?”

ಉತ್ತರ ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಕಲಿಸಿದವರು ಈ ಸಂಸ್ಥೆ ಬಿಟ್ಟು ಬೇರೆ ಕಡೆ ಹೋದರು. ನಾನು ಇಲ್ಲೇ ಉಳಿದೆ,” ಎಂದಷ್ಟೇ ಹೇಳಿ ಚಾಪೆ ಮಡಚತೊಡಗಿದರು. ಆ ಮಾತು ನನಗೆ ಚುಚ್ಚಿತು. ಯಾಕೆ ಚುಚ್ಚಿತೆಂಬುದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಈ ವಿದ್ಯೆಯ ಗುರುಪರಂಪರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತಿತ್ತು: ವಿದ್ಯೆ ಕಲಿತವನ ನಿಷ್ಠೆ ಸಲ್ಲಬೇಕಾದದ್ದು ಕಲಿಸಿದ ಮನುಷ್ಯನಿಗೋ, ಆ ಮನುಷ್ಯ ಯಾವ ಮನೆಯಲ್ಲಿ ನಿಂತು ಕಲಿಸಿದನೋ ಆ ಮನೆಗೋ? ಎರಡೂ ಒಂದೇ ಆಗಿರುವ ತನಕ ಈ ಪ್ರಶ್ನೆ ಹುಟ್ಟುವುದಿಲ್ಲ. ಅವು ಬೇರೆಯಾದ ದಿನ ಶಿಷ್ಯನ ಪಾಡು ನಾಯಿಪಾಡು.

ಐಕಿಡೊ ಎಂದರೇನೆಂದು ಎರಡು ಮಾತು ಹೇಳಬೇಕು. ಹಿಡಿಯಲೋ ಹೊಡೆಯಲೋ ಬಂದವನ ಬಲಕ್ಕೆ ಎದುರು ಬಲ ಒಡ್ಡದೆ, ಅವನು ಬರುವ ದಾರಿಯಿಂದ ಒಂದು ಹೆಜ್ಜೆ ಸರಿದು, ಅವನ ವೇಗದ ಜೊತೆಗೇ ತಿರುಗಿ, ಅವನ ತೂಕ ಅವನ ಕಾಲಿನ ಮೇಲೆ ನಿಲ್ಲದಂತೆ ಮಾಡಿ ನೆಲಕ್ಕಿಳಿಸುವ ವಿದ್ಯೆ ಅದು. ಜೋಡಿಯಾಗಿಯೇ ಅಭ್ಯಾಸ ಮಾಡುತ್ತಾರೆ. ನಾಲ್ಕು ಸಲ ಕೆಡವಿದವನು ಮುಂದಿನ ನಾಲ್ಕು ಸಲ ತಾನು ಬೀಳಬೇಕು. ಹಿರಿಯನಾಗಲಿ ಕಿರಿಯನಾಗಲಿ, ಈ ಕ್ರಮಕ್ಕೆ ವಿನಾಯಿತಿ ಇಲ್ಲ. ಬೀಳುವವನು ತನ್ನ ಮೈಯನ್ನೇ ಎದುರಿನವನ ಕಲಿಕೆಗೆ ಸಾಲವಾಗಿ ಕೊಡುತ್ತಾನೆ ಎಂದರೂ ಸರಿಯೇ. ಅಭ್ಯಾಸದ ಜಾಗಕ್ಕೆ ದೊಜೊ ಎನ್ನುತ್ತಾರೆ. ಇದು ಮೊದಲಿಗೆ ಬೌದ್ಧರ ಮಾತು. ಬುದ್ಧನಿಗೆ ಜ್ಞಾನೋದಯವಾದ ಸ್ಥಳಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಎಂದು ಹೆಸರು. ಅದಕ್ಕೆ ಚೀನೀಯರು ಬಳಸಿದ ಎರಡು ಅಕ್ಷರಗಳನ್ನೇ ಜಪಾನೀಯರು ದೊಜೊ ಎಂದು ಓದುತ್ತಾರೆ. ಗುರುವಿಗೆ ಸೆನ್ಸೇಯಿ ಎನ್ನುತ್ತಾರೆ. ಅಕ್ಷರಶಃ ನೋಡಿದರೆ ‘ಮೊದಲು ಹುಟ್ಟಿದವನು’ ಎಂದಷ್ಟೇ ಅರ್ಥ. ನನಗಂತೂ ಈ ವಿನಯ ಹಿಡಿಸಿತು. ದೇವರೂ ಅಲ್ಲ, ತಂದೆಯೂ ಅಲ್ಲ, ಒಂದಿಷ್ಟು ಮೊದಲು ಹೊರಟವನು.

ಗೋಡೆಯ ಮೇಲಿನ ಮುದುಕರ ಹೆಸರು ಮೊರಿಹೇಯಿ ಉಯೆಶಿಬಾ. ಹುಟ್ಟಿದ್ದು 1883ರಲ್ಲಿ, ತನಾಬೆ ಎಂಬ ಕಡಲಕರೆಯ ಊರಿನಲ್ಲಿ. ಅವರೂ ನಮ್ಮ ಹಾಗೆ ಊರು ಬಿಟ್ಟವರೇ. 1912ರಲ್ಲಿ ತಮ್ಮ ಸೀಮೆಯ ಹಲವು ಕುಟುಂಬಗಳನ್ನು ಕಟ್ಟಿಕೊಂಡು ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ, ಶಿರತಾಕಿ ಎಂಬಲ್ಲಿ ಕಾಡು ಕಡಿದು ನೆಲೆಸಿದರು. ಅಲ್ಲಿಗೆ ಸಮೀಪದ ಒಂದು ಊರಿನ ವಸತಿಗೃಹದಲ್ಲಿ 1915ರಲ್ಲಿ ಟಕೆಡಾ ಸೊಕಾಕು ಎಂಬ ದೈತೊರ್ಯು ಪದ್ಧತಿಯ ಮಹಾಗುರುವಿನ ದರ್ಶನವಾಯಿತು. ಟಕೆಡಾ ಸಾಮಾನ್ಯ ಆಸಾಮಿಯಲ್ಲ. 1859ರಲ್ಲಿ ಹುಟ್ಟಿದ ಹಳೆಯ ಸಮುರಾಯಿ ಮನೆತನದವರು. ಸ್ವಂತದ್ದೊಂದು ದೊಜೊ ಕಟ್ಟದೆ ಊರಿಂದೂರಿಗೆ ತಿರುಗುತ್ತ ಕಲಿಸಿದವರು. ಕಲಿತವರು ಹೆಸರು ಬರೆದು ಮುದ್ರೆಯೊತ್ತಬೇಕಾದ ಒಂದು ಪುಸ್ತಕ, ಅವರು ಕೊಟ್ಟ ಕಾಣಿಕೆಯನ್ನು ದಾಖಲಿಸುವ ಇನ್ನೊಂದು ಪುಸ್ತಕ, ಇವೆರಡು ಸದಾ ಅವರ ಜೊತೆಗಿರುತ್ತಿದ್ದವು. ವಿದ್ಯಾದಾನ ಎಂಬ ಮಾತಿಗೆ ಅವರಲ್ಲಿ ಜಾಗವಿರಲಿಲ್ಲವೆಂದು ತೋರುತ್ತದೆ. ಉಯೆಶಿಬಾ ಅವರನ್ನು ಮನೆಗೇ ಕರೆತಂದು ಇಟ್ಟುಕೊಂಡು, ಸೇವೆ ಮಾಡಿ, ಹಣ ಸುರಿದು ಕಲಿತರು. 1919ರ ಕೊನೆಗೆ ತಂದೆಗೆ ಕಾಯಿಲೆಯೆಂದು ತಿಳಿದು ಹೊರಟಾಗ ಶಿರತಾಕಿಯ ಮನೆಯನ್ನು ಗುರುವಿಗೇ ಬಿಟ್ಟುಕೊಟ್ಟರು. ದಾರಿಯಲ್ಲಿ ಅಯಾಬೆಗೆ ತಿರುಗಿ, ಓಮೊತೊ ಪಂಥದ ಧರ್ಮಗುರು ದೆಗುಚಿ ಒನಿಸಬುರೊ ಅವರನ್ನು ಕಂಡು ಅಲ್ಲಿ ಕೆಲವು ದಿನ ನಿಂತುಬಿಟ್ಟರು. ಊರು ಮುಟ್ಟುವಾಗ ತಂದೆ ತೀರಿಕೊಂಡಿದ್ದರು. ಊರು ಬಿಟ್ಟು ಬದುಕುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಅನುಭವವಿಲ್ಲ!

1922ರಲ್ಲಿ ಟಕೆಡಾ ಅಯಾಬೆಗೂ ಬಂದು ತಿಂಗಳುಗಟ್ಟಲೆ ಉಳಿದು, ಉಯೆಶಿಬಾಗೆ ತನ್ನ ಪ್ರತಿನಿಧಿಯಾಗಿ ಕಲಿಸುವ ಅಧಿಕಾರಪತ್ರ ಕೊಟ್ಟರು. ಹೊಸ ಶಿಷ್ಯರಿಂದ ಬಂದುದರಲ್ಲಿ ಗುರುವಿಗೆ ಪಾಲು ಸಲ್ಲಬೇಕೆಂಬ ಕರಾರೂ ಇತ್ತು. ಅಲ್ಲಿಂದ ಮುಂದೆ ಇಬ್ಬರ ನಡುವೆ ಬಿರುಕು. ಯಾರದು ತಪ್ಪು ಎಂದು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಆದರೆ 1936ರಲ್ಲಿ ಒಸಾಕಾದಲ್ಲಿ ನಡೆದುದನ್ನು ಮಾತ್ರ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಆ ಹೊತ್ತಿಗೆ ಉಯೆಶಿಬಾ ಟೋಕಿಯೊದಲ್ಲಿ ಸ್ವಂತ ದೊಜೊ ಕಟ್ಟಿ ಪ್ರಸಿದ್ಧರಾಗಿದ್ದರು. ಒಸಾಕಾದ ಅಸಾಹಿ ಪತ್ರಿಕೆಯ ಕಚೇರಿಯಲ್ಲೂ ಅವರ ತರಗತಿ ನಡೆಯುತ್ತಿತ್ತು. ಒಂದು ದಿನ, ಎಪ್ಪತ್ತು ದಾಟಿದ್ದ ಟಕೆಡಾ ಅಲ್ಲಿಗೇ ಬಂದಿಳಿದರು. ಸುದ್ದಿ ತಿಳಿದ ಉಯೆಶಿಬಾ ಗುರುವಿಗೆ ಮುಖ ತೋರಿಸದೆ ಒಸಾಕಾ ಬಿಟ್ಟು ಹೊರಟುಹೋದರು. ಅಲ್ಲಿನ ಶಿಷ್ಯರಿಗೆ ಟಕೆಡಾ ತಾವೇ ಪಾಠ ಮುಂದುವರಿಸಿದರು. ಅವರಲ್ಲಿ ಒಬ್ಬರಾದ ಹಿಸಾ ತಕುಮಾ 1939ರಲ್ಲಿ ಟಕೆಡಾರಿಂದ ಪರಿಪೂರ್ಣ ವಿದ್ಯೆಯ ಪತ್ರವನ್ನೂ ಪಡೆದರು. 1943ರಲ್ಲಿ ಟಕೆಡಾ ತೀರಿಕೊಂಡರು.

ಸಾಮರಸ್ಯದ ವಿದ್ಯೆಯೆಂದು ಜಗತ್ತೆಲ್ಲ ಕೊಂಡಾಡುವ ಐಕಿಡೊದ ಮೂಲಪುರುಷನೇ ತನ್ನ ಗುರುವನ್ನು ಎದುರಿಸಲಾರದೆ ಊರು ಬಿಟ್ಟಿದ್ದ! ಇದನ್ನು ಹೀಗಳೆಯಲು ಹೇಳುತ್ತಿಲ್ಲ. ಆ ಮುದುಕರ ಚಿತ್ರ ಈಗ ನನಗೆ ಮೊದಲಿಗಿಂತ ಹತ್ತಿರವಾಗಿದೆ.

ಇನ್ನು ಉಯೆಶಿಬಾರ ಶಿಷ್ಯರ ವಿಷಯ. 1942ರಲ್ಲಿ ಅವರು ಟೋಕಿಯೊ ಬಿಟ್ಟು ಇವಾಮಾ ಎಂಬ ಹಳ್ಳಿಗೆ ಹೋಗಿ ಬೇಸಾಯ ಮಾಡುತ್ತ ನಿಂತರು. ಟೋಕಿಯೊದ ದೊಜೊ ಮಗ ಕಿಶ್ಶೊಮಾರು ಅವರ ಹೆಗಲಿಗೆ ಬಿತ್ತು. ಆಗ ಅವರಿನ್ನೂ ವಸೇದಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಬಾಂಬುಗಳು ಬೀಳುತ್ತಿದ್ದ ನಗರದಲ್ಲಿ ಅವರು ಆ ಕಟ್ಟಡ ಉಳಿಸಿದರು. ಯುದ್ಧ ಮುಗಿದಾಗ ಮನೆ ಕಳೆದುಕೊಂಡ ಕುಟುಂಬಗಳು ಅದರೊಳಗೆ ವಾಸವಾಗಿದ್ದವು. ಅವರನ್ನು ಹೊರಹಾಕುವ ಹಾಗಿಲ್ಲ, ಅಭ್ಯಾಸ ಬಿಡುವ ಹಾಗೂ ಇಲ್ಲ. ದೊಜೊದಿಂದ ಹೊಟ್ಟೆ ತುಂಬುವ ಮಾತೇ ಇಲ್ಲದ್ದರಿಂದ 1949ರಿಂದ ಕೆಲವು ವರ್ಷ ಅವರು ಷೇರು ವ್ಯವಹಾರದ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತ, ಬೆಳಿಗ್ಗೆ ಸಂಜೆ ಕಲಿಸಿದರು. ಡಬ್ಬಿಯ ಚೀಲ ಹಿಡಿದು ಬರುವ ನಮ್ಮ ವಿಮಾ ಕಚೇರಿಯ ಗುರುಗಳಿಗೂ ಅವರಿಗೂ ಏನು ವ್ಯತ್ಯಾಸ? ಮೊದಲಿಗೆ ಇಬ್ಬರು ಗಣ್ಯರ ಶಿಫಾರಸಿಲ್ಲದೆ ಯಾರನ್ನೂ ಸೇರಿಸಿಕೊಳ್ಳದಿದ್ದ ವಿದ್ಯೆಯನ್ನು ಅವರು ಎಲ್ಲರಿಗೂ ತೆರೆದರು. 1956ರಲ್ಲಿ ಟೋಕಿಯೊದ ಒಂದು ದೊಡ್ಡ ಅಂಗಡಿಯ ಮಾಳಿಗೆಯ ಮೇಲೆ ಸಾರ್ವಜನಿಕ ಪ್ರದರ್ಶನವೂ ಆಯಿತು. ತಂದೆಯ ಪಟ್ಟುಗಳನ್ನು ಸರಳಗೊಳಿಸಿ, ವರ್ಗೀಕರಿಸಿ, ಪುಸ್ತಕ ಬರೆದರು. ತಂದೆಯ ವಿದ್ಯೆಯನ್ನು ತೆಳ್ಳಗೆ ಮಾಡಿದರೆಂದು ಹೇಳುವವರು ಇಂದಿಗೂ ಇದ್ದಾರೆ.

ಇವಾಮಾದಲ್ಲಿ ಇನ್ನೊಂದು ಬಗೆಯ ನಿಷ್ಠೆ. ಸೈತೊ ಮೊರಿಹಿರೊ ಎಂಬ ಹದಿನೆಂಟರ ತರುಣ 1946ರಲ್ಲಿ ಬಂದು ಸೇರಿದ. ರೈಲ್ವೆಯಲ್ಲಿ ಕೆಲಸ. ಒಂದು ಇಡೀ ದಿನ ದುಡಿದರೆ ಮರುದಿನ ಪೂರ್ತಿ ಬಿಡುವು. ಬೇರೆಯವರು ಕಚೇರಿಗೆ ಹೋದ ಹೊತ್ತಿನಲ್ಲಿ ಈತ ಗುರುವಿನ ಹೊಲದಲ್ಲಿ ಗೇಯುತ್ತಿದ್ದ, ಬೆಳಗಿನ ಹೊತ್ತು ಕೋಲು ಕತ್ತಿ ಹಿಡಿದು ಎಷ್ಟೋ ಸಲ ಗುರುವಿನೆದುರು ಒಬ್ಬನೇ ನಿಲ್ಲುತ್ತಿದ್ದ. ಹೀಗೆ ಇಪ್ಪತ್ತಮೂರು ವರ್ಷ. 1969ರ ಏಪ್ರಿಲ್‌ನಲ್ಲಿ ಗುರು ತೀರಿಕೊಂಡ ಮೇಲೆ ಅಲ್ಲಿನ ದೊಜೊ ಮತ್ತು ದೇವಾಲಯವನ್ನು ನೋಡಿಕೊಳ್ಳುತ್ತ, ‘ಅವರು ಕಲಿಸಿದ ಹಾಗೆಯೇ’ ಎಂಬ ಒಂದೇ ಹಟ ಹಿಡಿದು 2002ರಲ್ಲಿ ಕಣ್ಣು ಮುಚ್ಚುವ ತನಕ ಕಲಿಸಿದರು. 1938ರಲ್ಲಿ ಉಯೆಶಿಬಾ ಹೊರತಂದಿದ್ದ ಒಂದು ಹಳೆಯ ಸಚಿತ್ರ ಕೈಪಿಡಿಯ ಪ್ರತಿಯನ್ನು ಪತ್ರಿಕಾ ಸಂಪಾದಕರೊಬ್ಬರು 1981ರಲ್ಲಿ ತಂದು ತೋರಿಸಿದಾಗ, ಅದರ ಚಿತ್ರಗಳು ತಾನು ಕಲಿಸುವುದರೊಡನೆ ಹೊಂದುವುದನ್ನು ಕಂಡು ಸೈತೊಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ತರಗತಿಗೆ ಅದನ್ನು ತಂದು ಪುಟ ತೆರೆದು ತೋರಿಸುತ್ತಿದ್ದರು. ಆದರೆ ಗಮನಿಸಿ: ಕೋಲಿನ ಇಪ್ಪತ್ತು ಪಾಠ, ಕತ್ತಿಯ ಏಳು ಪಾಠ ಎಂದು ಸಂಖ್ಯೆ ಹಾಕಿ ಕ್ರಮಗೊಳಿಸಿದವರು ಇದೇ ಸೈತೊ. ಗುರು ಹಾಗೆ ಎಣಿಸಿ ಕಲಿಸಿದವರಲ್ಲ. ತುಂಬಿದ ತರಗತಿಗೆ ಕಲಿಸಬೇಕಾದರೆ ಎಣಿಸದೆ ಗತ್ಯಂತರವಿಲ್ಲ. ಅತ್ಯಂತ ನಿಷ್ಠಾವಂತನಿಗೂ ಬದಲಾವಣೆ ತಪ್ಪಲಿಲ್ಲ. ಇಷ್ಟಾದರೂ ಸೈತೊ ಬದುಕಿರುವಷ್ಟು ಕಾಲ ಟೋಕಿಯೊದ ಕೇಂದ್ರದಿಂದ ಬೇರೆಯಾಗಲಿಲ್ಲ. ಅವರು ತೀರಿಕೊಂಡ ಎರಡು ವರ್ಷಕ್ಕೆ, 2004ರಲ್ಲಿ, ಅವರ ಮಗ ಹೊರಬಂದು ಬೇರೆ ಸಂಸ್ಥೆ ಸ್ಥಾಪಿಸಿದರು.

ಶಿಯೊಡಾ ಗೊಜೊ 1955ರಲ್ಲೇ ಯೊಶಿನ್‌ಕಾನ್ ಎಂಬ ಬೇರೆ ಶಾಲೆ ತೆರೆದರು. ಗುರುವಿನೊಡನೆ ಸಂಬಂಧ ಕೆಡಿಸಿಕೊಳ್ಳದೆ ಬೇರೆ ಮನೆ ಮಾಡಿದ ಅಪರೂಪದ ಉದಾಹರಣೆ ಅದು. ತೊಮಿಕಿ ಕೆಂಜಿಯವರದು ಕಠಿಣ ಸಮಸ್ಯೆ. ಅವರಿಗೆ ಇಬ್ಬರು ಗುರುಗಳು: ಜೂಡೊ ಸ್ಥಾಪಿಸಿದ ಕಾನೊ ಜಿಗೊರೊ ಮತ್ತು ಉಯೆಶಿಬಾ. ಸ್ಪರ್ಧೆಯ ಪರೀಕ್ಷೆಯಿಲ್ಲದ ಅಭ್ಯಾಸದಲ್ಲಿ ಮನುಷ್ಯ ತನ್ನನ್ನು ತಾನೇ ವಂಚಿಸಿಕೊಳ್ಳುವ ಅಪಾಯವಿದೆ ಎಂಬುದು ಒಂದು ಪಕ್ಷ. ಸ್ಪರ್ಧೆ ಬಂತೆಂದರೆ ಸಾಮರಸ್ಯ ಹೋಯಿತು ಎಂಬುದು ಉಯೆಶಿಬಾರ ಪಕ್ಷ. ತೊಮಿಕಿ ಸ್ಪರ್ಧೆ ತಂದರು. ಹಾಗಿದ್ದರೆ ಹೆಸರನ್ನಾದರೂ ಬೇರೆ ಇಟ್ಟುಕೊಳ್ಳಿ ಎಂದು ಒತ್ತಾಯ ಬಂದಾಗ, ಐಕಿಡೊ ಎಂಬ ಹೆಸರು ಬಿಡಲು ಒಪ್ಪಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರ ತರ್ಕ ನನಗೆ ಒಪ್ಪಿಗೆ. ಹೆಸರು ಬಿಡದ ಹಟಕ್ಕೆ ಮಾತ್ರ ಅರ್ಧ ಒಪ್ಪಿಗೆ.

ಇವೆಲ್ಲ ದೊಡ್ಡವರ ಸಂಗತಿ. ದೊಡ್ಡವರಿಗೆ ಒಂದು ಮನೆ ಹೋದರೆ ಇನ್ನೊಂದು ಕಟ್ಟುವ ಶಕ್ತಿಯಿದೆ. ನನ್ನನ್ನು ಕಾಡಿದ್ದು 1974ರ ಘಟನೆ.

ಜಪಾನಿನಿಂದ 1885ರಿಂದ ಕರಾರಿನ ಕೂಲಿಗಳಾಗಿ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋಗಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. 1953ರಲ್ಲಿ ತೊಹೇಯಿ ಕೊಯಿಚಿ ಎಂಬ ಉಯೆಶಿಬಾರ ಶಿಷ್ಯ ಅಲ್ಲಿಗೆ ಹೋಗಿ ಐಕಿಡೊ ಕಲಿಸಿದರು. ಹಗಲು ದುಡಿಯುವವರು ಸಂಜೆ ಸೇರಿ ದ್ವೀಪದಿಂದ ದ್ವೀಪಕ್ಕೆ ದೊಜೊಗಳನ್ನು ಕಟ್ಟಿಕೊಂಡರು. 1961ರಲ್ಲಿ ಹೊನೊಲುಲುವಿನ ಹೊಸ ದೊಜೊದ ಆರಂಭಕ್ಕೆ ಎಪ್ಪತ್ತೇಳರ ಉಯೆಶಿಬಾ ಸ್ವತಃ ಕಡಲು ದಾಟಿ ಬಂದರು. ನಮ್ಮ ಸಂಘಗಳ ಕಟ್ಟಡದ ಉದ್ಘಾಟನೆಗೆ ಊರಿನಿಂದ ಹಿರಿಯ ಸಾಹಿತಿಗಳೋ ಸ್ವಾಮಿಗಳೋ ಬಂದಾಗ ನಮ್ಮ ಜನರ ಸಂಭ್ರಮ ಹೇಗಿರುತ್ತದೆಂದು ಬಲ್ಲವರಿಗೆ ಆ ದಿನವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ತೊಹೇಯಿ ಟೋಕಿಯೊ ಕೇಂದ್ರದ ಮುಖ್ಯ ಶಿಕ್ಷಕರು. 1969ರಲ್ಲಿ ಹತ್ತನೆಯ ದರ್ಜೆ ಪಡೆದವರು. ಸಾಲದ್ದಕ್ಕೆ ಅವರೂ ಕಿಶ್ಶೊಮಾರು ಅವರೂ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಹಿರಿಯರು ತೀರಿಕೊಂಡ ಮೇಲೆ, ಯಾವುದನ್ನು ಮುಖ್ಯವಾಗಿ ಕಲಿಸಬೇಕು ಎಂಬಲ್ಲಿ ಭಿನ್ನಾಭಿಪ್ರಾಯ ಬೆಳೆಯಿತು. ಕಿ, ಅಂದರೆ ನಾವು ಪ್ರಾಣಶಕ್ತಿ ಎನ್ನುವಂಥದ್ದು, ಅದೇ ಮೂಲ, ಪಟ್ಟುಗಳು ಅದರ ಹಿಂದೆ ಬರತಕ್ಕವು ಎಂಬುದು ತೊಹೇಯಿಯವರ ನಿಲುವು. 1974ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟು ತಮ್ಮದೇ ಶಾಲೆ ಆರಂಭಿಸಿದರು. ಹೊರಬಂದುದಕ್ಕೆ ಕಾರಣ ವಿವರಿಸಿ ದೇಶವಿದೇಶಗಳ ದೊಜೊಗಳಿಗೆ ಪತ್ರ ಕಳಿಸಿದರು.

ಆ ಪತ್ರ ಯಾವುದೋ ಪುಟ್ಟ ಊರಿನ ದೊಜೊವನ್ನು ತಲಪಿದ ಸಂಜೆಯನ್ನು ಯೋಚಿಸಿ. ಅಲ್ಲಿನ ಶಿಕ್ಷಕ ಒಬ್ಬ ಬಡಗಿಯೋ ಗುಮಾಸ್ತನೋ ಇರಬಹುದು. ಕೈ ಹಿಡಿದು ಕಲಿಸಿದವರು ತೊಹೇಯಿ. ಗೋಡೆಯ ಮೇಲಿರುವುದು ಉಯೆಶಿಬಾರ ಚಿತ್ರ. ಸೊಂಟದ ಕಪ್ಪು ಪಟ್ಟಿಗೆ ಆಧಾರವಾದ ಪತ್ರಕ್ಕೆ ಟೋಕಿಯೊದ ಮುದ್ರೆ. ಚಾಪೆಯ ಮೇಲೆ ಇಪ್ಪತ್ತು ಮಂದಿ ಕಾದು ಕುಳಿತಿದ್ದಾರೆ, ಅವರಲ್ಲಿ ಅರ್ಧ ಮಂದಿಗೆ ಟೋಕಿಯೊ ಎಲ್ಲಿದೆಯೆಂದೂ ಗೊತ್ತಿಲ್ಲ. ಕಲಿಸಿದವನ ಹಿಂದೆ ಹೋದರೆ ಮನೆಗೆ ದ್ರೋಹ. ಮನೆಯಲ್ಲಿ ಉಳಿದರೆ ಕಲಿಸಿದವನಿಗೆ ದ್ರೋಹ. ಕೆಲವು ದೊಜೊಗಳು ಹೋದವು, ಕೆಲವು ಉಳಿದವು, ಕೆಲವು ಒಡೆದವು. ಒಟ್ಟಿಗೆ ಒಬ್ಬರನ್ನೊಬ್ಬರು ಕೆಡವಿ ಎಬ್ಬಿಸಿದವರು ಮಾತು ಬಿಟ್ಟರು.

ನನಗೆ ಚುಚ್ಚಿದ್ದೇನೆಂದು ಈಗ ಹೇಳಬಹುದು. ನಾನು ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ ಇದೇ ಮುಂಬಯಿಯ ನಮ್ಮವರ ಸಂಘವೊಂದರಲ್ಲಿ ಆದಿತ್ಯವಾರ ಯಕ್ಷಗಾನದ ಹಿಮ್ಮೇಳ ಕಲಿಸುತ್ತಿದ್ದರು. ಕಲಿಸುವ ಮಾಷ್ಟ್ರು ಹಗಲು ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದವರು. ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಮೇಲೆ ಬಂದವರು. ನನಗೆ ಮದ್ದಲೆಯ ಹುಚ್ಚು ಹಿಡಿಸಿದವರು ಅವರು. ಬಾಯಲ್ಲಿ ತಾಳ ಹೇಳಿಸಿ, ತೊಡೆಯ ಮೇಲೆ ತಟ್ಟಿಸಿ, ಆರು ತಿಂಗಳ ಮೇಲೆ ಮದ್ದಲೆ ಮುಟ್ಟಲು ಬಿಟ್ಟರು. ಮನೆಯಲ್ಲಿ ಅಭ್ಯಾಸ ಮಾಡು ಎಂದು ತಮ್ಮದೇ ಒಂದು ಹಳೆಯ ಮದ್ದಲೆಯನ್ನು ಕೊಟ್ಟರು. ಮೂರು ವರ್ಷ ಕಳೆಯುವಷ್ಟರಲ್ಲಿ ಅವರಿಗೂ ಸಂಘದ ಸಮಿತಿಗೂ ಬಿತ್ತು. ವಾರ್ಷಿಕೋತ್ಸವದ ಪ್ರಸಂಗವನ್ನು ಎರಡು ತಾಸಿಗೆ ಇಳಿಸಬೇಕೆಂದು ಸಮಿತಿ, ಪ್ರಸಂಗದ ಕತ್ತು ಹಿಸುಕಿ ಆಡಿಸಲಾರೆ ಎಂದು ಮಾಷ್ಟ್ರು. ಕೊನೆಯ ಗಾಡಿ ತಪ್ಪುವ ಪ್ರೇಕ್ಷಕರ ಚಿಂತೆ ಸಮಿತಿಯದು, ಅದೇನೂ ಸುಳ್ಳಲ್ಲ. ಮಾಷ್ಟ್ರು ಹೊರಟು, ಇನ್ನೊಂದು ಉಪನಗರದ ಚಾಳಿನ ಕೋಣೆಯಲ್ಲಿ ತರಗತಿ ಆರಂಭಿಸಿದರು. ಹನ್ನೊಂದು ಮಂದಿ ಶಿಷ್ಯರಲ್ಲಿ ನಾಲ್ವರು ಅವರ ಹಿಂದೆ ಹೋದರು.

ನಾನು ಹೋಗಲಿಲ್ಲ. ಸಂಸ್ಥೆ ವ್ಯಕ್ತಿಗಿಂತ ದೊಡ್ಡದು, ಒಬ್ಬರು ಸಿಟ್ಟಿಗೆದ್ದರೆಂದು ಕಟ್ಟಿದ ಮನೆ ಒಡೆಯಬಾರದು ಎಂದು ಆಗ ದೊಡ್ಡ ಭಾಷಣ ಮಾಡಿದೆ. ಈಗ ಹೇಳುತ್ತೇನೆ: ಸಂಘದ ಕಟ್ಟಡ ನನ್ನ ಮನೆಗೆ ಹತ್ತು ನಿಮಿಷದ ದಾರಿ. ಚಾಳಿಗೆ ಹೋಗಬೇಕಾದರೆ ಎರಡು ಗಾಡಿ ಬದಲಿಸಬೇಕಿತ್ತು. ನನ್ನ ಸಿದ್ಧಾಂತದಲ್ಲಿ ಆ ಎರಡು ಗಾಡಿಗಳ ಪಾಲು ಎಷ್ಟು, ಸಂಸ್ಥೆಯ ಮೇಲಿನ ನಿಷ್ಠೆಯ ಪಾಲು ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಉಳಿದದ್ದು ತಪ್ಪೆಂದು ಈಗಲೂ ನನಗನಿಸುವುದಿಲ್ಲ. ಅವರ ಹತ್ತಿರ ಹೋಗಿ, ನಾನು ಉಳಿಯುತ್ತೇನೆ ಎಂದು ಎದುರಿಗೆ ನಿಂತು ಹೇಳಲಿಲ್ಲ, ಅದು ತಪ್ಪು. ಒಂದು ಆದಿತ್ಯವಾರದಿಂದ ಇನ್ನೊಂದಕ್ಕೆ ಮುಂದೂಡುತ್ತ ಹೋದೆ. ಮದ್ದಲೆ ನನ್ನ ಮನೆಯಲ್ಲೇ ಉಳಿಯಿತು.

ಗುರುಋಣ ಹೇಗೆ ತೀರುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಲವು ಉತ್ತರಗಳಿವೆ. ಏಕಲವ್ಯನದು ಒಂದು. ಕಲಿಸದ ಗುರು ಕೇಳಿದ ದಕ್ಷಿಣೆ ಅದು. ಅದನ್ನು ಆದರ್ಶವೆಂದು ಮಕ್ಕಳಿಗೆ ಹೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎಲ್ಲರೂ ಒಪ್ಪುವ ಉತ್ತರ ಬೇರೆ: ಗುರುವಿನ ಋಣ ಗುರುವಿಗೆ ತೀರುವುದಲ್ಲ, ಮುಂದಿನವನಿಗೆ ಕಲಿಸಿದರೆ ತೀರುತ್ತದೆ. ದೊಜೊದಲ್ಲಿ ಹಿರಿಯ ವಿದ್ಯಾರ್ಥಿ ಹೊಸಬನ ಕೈಯಲ್ಲಿ ಬೀಳುತ್ತಾನಲ್ಲ, ಅದೇ ಇದು. ತಾನು ಕಲಿಯುವಾಗ ಯಾರೋ ಬಿದ್ದಿದ್ದರು, ಈಗ ತಾನು ಬೀಳುತ್ತಾನೆ. ಬಹುಕಾಲ ನಾನೂ ಈ ಉತ್ತರಕ್ಕೆ ಜೋತುಬಿದ್ದಿದ್ದೆ. ಸಂಘದ ಮಕ್ಕಳಿಗೆ ತಾಳ ಹೇಳಿಕೊಟ್ಟಿದ್ದೇನೆ, ಋಣ ತೀರಿತು ಎಂದುಕೊಂಡಿದ್ದೆ.

ಆದರೆ ಈ ಲೆಕ್ಕವನ್ನೇ ಹಿಡಿದರೆ ಉಯೆಶಿಬಾರಿಗಿಂತ ಹೆಚ್ಚು ಋಣ ತೀರಿಸಿದವರು ಯಾರಿದ್ದಾರೆ? ಟಕೆಡಾರಿಂದ ಬಂದದ್ದನ್ನು ಅವರು ಎಷ್ಟೋ ಪಾಲು ಮಾಡಿ ಮುಂದಿನವರಿಗೆ ಕೊಟ್ಟರು. ಹಣದ ರೂಪದಲ್ಲೂ ಕೊಟ್ಟರು, ಮನೆಯನ್ನೇ ಕೊಟ್ಟರು. ಹೀಗಿದ್ದೂ ಒಸಾಕಾದ ಆ ದಿನ ಹಾಗೆಯೇ ಉಳಿದಿದೆ. ಯಾವ ಶಿಷ್ಯನಿಗೆ ಎಷ್ಟು ಕಲಿಸಿದರೂ ಅದು ತುಂಬುವುದಿಲ್ಲ. ಅಂದರೆ ಋಣದಲ್ಲಿ ಎರಡು ಬಗೆಯಿದೆ ಎಂದಾಯಿತು. ವಿದ್ಯೆಯ ಋಣ ಕೆಳಕ್ಕೆ ಹರಿದು ತೀರುತ್ತದೆ. ಆ ಮನುಷ್ಯನ ಋಣ ಬೇರೆ, ಅದು ಅವನ ಮುಖದೆದುರೇ ತೀರಬೇಕು. ಬಿಟ್ಟುಹೋಗುವವನೂ ಉಳಿಯುವವನೂ ಒಂದು ಸಲ ಬಂದು ಕುಳಿತು, ಹೀಗೆ ಮಾಡುತ್ತಿದ್ದೇನೆ ಎಂದು ಹೇಳಿ ಬೈಸಿಕೊಳ್ಳಬೇಕು. ಮೊದಲನೆಯದನ್ನು ತೀರಿಸಿ ಎರಡನೆಯದೂ ತೀರಿತೆಂದು ನಂಬುವುದು ಸುಲಭ, ಯಾಕೆಂದರೆ ಮೊದಲನೆಯದರಲ್ಲಿ ಗೌರವವಿದೆ, ಹಾರ ತುರಾಯಿ ಇದೆ, ಎರಡನೆಯದರಲ್ಲಿ ಬರೇ ಬೈಗುಳ.

ಗುರುವೋ ಗುರುಮನೆಯೋ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಉತ್ತರ ನನ್ನಲ್ಲಿಲ್ಲ. ಮನೆಯಿಲ್ಲದಿದ್ದರೆ ಯುದ್ಧದ ಬೆಂಕಿಯಲ್ಲಿ ಐಕಿಡೊ ಉಳಿಯುತ್ತಿತ್ತೇ ಎಂಬುದು ಸಂದೇಹ. ಮನುಷ್ಯನಿಲ್ಲದಿದ್ದರೆ ಹವಾಯಿಯನ್ನು ಅದು ತಲಪುತ್ತಿರಲಿಲ್ಲ. ಬೇರೆಯಾದವರು ಹಗೆಗಳೇ ಆಗಬೇಕೆಂದೂ ಇಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರನ್ನೇ ನೋಡಿ. ಗಂಗೂಬಾಯಿ ಹಾನಗಲ್ಲರ ಗಾಯನ ಒಂದು ದಾರಿ, ಭೀಮಸೇನ ಜೋಶಿಯವರದು ಇನ್ನೊಂದು. ಜೋಶಿಯವರಂತೂ ಬೇರೆ ಘರಾಣೆಗಳಿಂದ ಬೇಕಾದ್ದನ್ನು ಸಂಕೋಚವಿಲ್ಲದೆ ತಂದುಕೊಂಡರು. ಆದರೆ 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭವಾದ ಮೇಲೆ ಆ ಒಂದೇ ವೇದಿಕೆಯ ಮೇಲೆ ಇಬ್ಬರಿಗೂ ಜಾಗವಿತ್ತು. ಯಾರದು ನಿಜವಾದ ಕಿರಾನಾ ಎಂದು ಕೇಳುವವರು ಶ್ರೋತೃಗಳಲ್ಲಿ ಇದ್ದರೋ ಏನೋ, ವೇದಿಕೆಯ ಮೇಲೆ ಇರಲಿಲ್ಲ. ಸಂಗೀತಗಾರರು ಸಾಧುಗಳೆಂದು ನಾನು ಹೇಳುತ್ತಿಲ್ಲ. ಹಾಡು ಗಾಳಿಯಲ್ಲಿ ಹೋಗುತ್ತದೆ, ಅದಕ್ಕೆ ಕಟ್ಟಡದ ಬೀಗದ ಕೈ ಬೇಡ. ಚಾಪೆ, ಬಾಡಿಗೆ, ಪಟ್ಟಿ, ಪ್ರಮಾಣಪತ್ರ ಇದ್ದಲ್ಲಿ ಜಗಳಕ್ಕೆ ಹಿಡಿದುಕೊಳ್ಳಲು ಹಿಡಿಕೆಗಳು ಹೆಚ್ಚು.

ನಾನು ಕೇಳುವುದು ಇಷ್ಟೇ: ದೊಡ್ಡವರು ಬೇರೆಯಾಗುವಾಗ ಚಿಕ್ಕವರನ್ನು ಸಾಕ್ಷಿ ಹೇಳಲು ಎಳೆಯಬೇಡಿ. ತೊಹೇಯಿಯವರ ಪತ್ರ ನ್ಯಾಯವೇ ಇರಬಹುದು, ಕೇಂದ್ರದ ನಿಲುವೂ ನ್ಯಾಯವೇ ಇರಬಹುದು. ಆ ಸಂಜೆ ಚಾಪೆಯ ಮೇಲೆ ಕುಳಿತ ಇಪ್ಪತ್ತು ಮಂದಿ ಎರಡನ್ನೂ ಕೇಳಿ ಬಂದವರಲ್ಲ, ಸರಿಯಾಗಿ ಬೀಳುವುದು ಹೇಗೆಂದು ಕಲಿಯಲು ಬಂದವರು. ನಮ್ಮ ಸಂಘಗಳು ಒಡೆದು ಎರಡಾಗಿ ಮೂರಾಗಿ, ಒಂದೇ ರಸ್ತೆಯಲ್ಲಿ ಎರಡು ಫಲಕ ತೂಗುವುದನ್ನು ನೋಡುತ್ತ ಬಂದ ನನಗೆ, ಫಲಕಗಳ ಸಂಖ್ಯೆ ಹೆಚ್ಚಿದ್ದರ ಬಗ್ಗೆ ಬೇಸರವಿಲ್ಲ. ಆ ವರ್ಷಗಳಲ್ಲಿ ಕನ್ನಡ ತರಗತಿಗೆ ಬರುವುದನ್ನು ನಿಲ್ಲಿಸಿದ ಮಕ್ಕಳ ಲೆಕ್ಕವನ್ನು ಯಾರೂ ಇಡಲಿಲ್ಲ, ಅದಕ್ಕೆ ಬೇಸರ.

ಮಾಷ್ಟ್ರನ್ನು ಆಮೇಲೆ ಒಂದೇ ಸಲ ನೋಡಿದೆ, ದಾದರ್ ನಿಲ್ದಾಣದ ಸೇತುವೆಯ ಮೇಲೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ತಪ್ಪಿಸಿಕೊಳ್ಳಲು ಜನಜಂಗುಳಿ ಬಿಡಲಿಲ್ಲ. ಅವರೇ ಗುರುತು ಹಿಡಿದು, “ಏನು, ಮದ್ದಲೆ ಬಾರಿಸುವುದುಂಟಾ ಈಗ?” ಎಂದರು. ಕಡಿಮೆ ಎಂದೆ. “ಬಾರಿಸದೆ ಇಟ್ಟರೆ ಚರ್ಮ ಹೋಗ್ತದೆ ಮಾರಾಯ,” ಎಂದು ಹೇಳಿ, ಗಾಡಿ ಬಂತೆಂದು ಇಳಿದುಹೋದರು. ವಾಪಸು ಕೊಡು ಎನ್ನಲಿಲ್ಲ. ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಅವರು ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು.

ಕಳೆದ ವರ್ಷ ಆ ಮದ್ದಲೆಯನ್ನು ಊರಿಗೆ ಕಳಿಸಿ ಹೊಸ ಮುಚ್ಚಿಗೆ ಹಾಕಿಸಿ ತರಿಸಿದೆ. ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗಿಯೊಬ್ಬಳು ಅದರಲ್ಲಿ ಕಲಿಯುತ್ತಿದ್ದಾಳೆ. ಇದು ಯಾರ ಮದ್ದಲೆ ಎಂದು ಕೇಳಿದಳು. ಮಾಷ್ಟ್ರ ಹೆಸರು ಹೇಳಿದ್ದೇನೆ, ಅವರು ತಾಳ ಹೇಳಿಸುತ್ತಿದ್ದ ರೀತಿಯನ್ನೂ ಹೇಳಿದ್ದೇನೆ. ಉಳಿದ ಕಥೆಯನ್ನು ಇನ್ನೂ ಹೇಳಿಲ್ಲ. ಗೋಡೆಯ ಮೇಲಿನ ಮುದುಕರ ಚಿತ್ರಕ್ಕೆ ಬಾಗುವ ನನ್ನ ಮೊಮ್ಮಗನಿಗ ಒಸಾಕಾದ ಸಂಗತಿಯನ್ನೂ ಹೇಳಿಲ್ಲ. ಅವನಿಗಿನ್ನೂ ಒಂಬತ್ತು ವರ್ಷ.